ಐಗಳ ಮಾದರಿ ಪಾಠ

ಮೇಷ್ಟ್ರುಗಳಿಗೆ ತರಬೇತಿ ಕೊಡುವ ನಾರ್ಮಲ್ ಸ್ಕೂಲಿನ ಪರೀಕ್ಷೆ ಪಾಸು ಮಾಡಿಕೊಂಡು ಮೈಸೂರಿನಿಂದ ಬಂದು ಶಿವನಿ ಸ್ಟೇಷನ್ನಿನಲ್ಲಿ ಇಳಿದಾಗ ನನಗೆ ಇಪ್ಪತ್ತಮೂರು ವರ್ಷ. ಅಲ್ಲಿಂದ ಹರದಾರಿ ದೂರದ ಹಳ್ಳಿಯೊಂದರ ಸರ್ಕಾರಿ ಶಾಲೆಗೆ ನನ್ನನ್ನು ಹೆಡ್ ಮೇಷ್ಟ್ರಾಗಿ ಹಾಕಿದ್ದರು. ಶಾಲೆಯೆಂದರೆ ಒಂದು ಉದ್ದನೆಯ ಕೊಠಡಿ, ಮುಂದೊಂದು ಜಗುಲಿ, ನಾನು, ಮತ್ತೆ ಒಬ್ಬ ಅಸಿಸ್ಟೆಂಟ್ ಮೇಷ್ಟ್ರು. ಮೊದಲ ದಿನ ಬೆಳಿಗ್ಗೆ ಆ ಅಸಿಸ್ಟೆಂಟು ಜಗುಲಿಯ ಮೇಲೆ ಕೈಕಟ್ಟಿಕೊಂಡು ನನಗಾಗಿ ಕಾಯುತ್ತಿದ್ದರು. ನೋಡಿದವನೇ ಅಂಗಳದಲ್ಲೇ ನಿಂತುಬಿಟ್ಟೆ. ಬುಕ್ಕಾಂಬುಧಿಯಲ್ಲಿ ನನಗೆ ಅಕ್ಷರ ಕಲಿಸಿದ ಐಗಳು ಅವರು.

ನಮ್ಮ ಕಾಲಕ್ಕೆ ಅಲ್ಲಿ ಸರ್ಕಾರಿ ಶಾಲೆ ಇರಲಿಲ್ಲ. ಐಗಳ ಮನೆಯ ಪಡಸಾಲೆಯೇ ಕೂಲಿಮಠ. ಒಂದು ಮಳೆಗಾಲ ಕೆರೆ ತುಂಬಿ ಕೋಡಿ ಬಿತ್ತು. ಎಂಟು ವರ್ಷದ ನಾನು ಅದನ್ನು ನೋಡುತ್ತಾ ನಿಂತು ಮಠಕ್ಕೆ ಹೊತ್ತು ಮೀರಿ ಹೋದೆ. ಐಗಳು ಏನೂ ಕೇಳಲಿಲ್ಲ. ಜಂತೆಗೆ ಹಗ್ಗ ಇಳಿಬಿಟ್ಟು ನನ್ನನ್ನು ಕೋದಂಡಕ್ಕೆ ಹಾಕಿದರು. ಎರಡೂ ಕೈಯಲ್ಲಿ ಹಗ್ಗ ಹಿಡಿದು ನೇತಾಡಬೇಕು. ಬಿಟ್ಟರೆ ಕೆಳಗೆ ನೆಗ್ಗಿಲು ಮುಳ್ಳು. ಬೇರೆ ಹುಡುಗರು ಮಗ್ಗಿ ಒಪ್ಪಿಸುತ್ತಾ ಇದ್ದರು. ಹದಿಮೂರರ ಮಗ್ಗಿ ಮುಗಿಯುವ ತನಕ ಹಿಡಿದಿದ್ದೆ, ಆಮೇಲೆ ಕೈ ಜಾರಿತು. ಬಿದ್ದ ಏಟಿಗೆ ಬಲಗೈ ಮಣಿಕಟ್ಟು ಮುರಿಯಿತು. ನಾಟಿ ವೈದ್ಯನೊಬ್ಬ ಕಟ್ಟು ಹಾಕಿದ, ಮೂಳೆ ಸೊಟ್ಟಕ್ಕೆ ಕೂಡಿಕೊಂಡಿತು. ನಾನು ಬಿದ್ದ ಮಾರನೆಯ ದಿನವೇ ನಮ್ಮಪ್ಪ ಎಂಟು ತೆಂಗಿನಕಾಯಿ ಹೊತ್ತುಕೊಂಡು ಹೋಗಿ, ಮಗನಿಂದ ತಪ್ಪಾಯಿತೆಂದು ಐಗಳ ಕಾಲಿಗೆ ಬಿದ್ದು ಬಂದ. ಕೈ ಮುರಿದದ್ದಕ್ಕಿಂತ ಅದು ನನಗೆ ಹೆಚ್ಚು ನೋವು ಕೊಟ್ಟಿತು.

ಈಗ ಕೂಲಿಮಠಗಳೆಲ್ಲ ಸರ್ಕಾರಕ್ಕೆ ಸೇರಿ, ಐಗಳು ನನ್ನ ಕೈಕೆಳಗೆ ಬಂದಿದ್ದರು. ಐವತ್ತೈದರ ಮೇಲಾಗಿತ್ತು. ಕಣ್ಣಿಗೆ ಪೊರೆ ಬರುತ್ತಿತ್ತು. ಗಂಡ ಸತ್ತ ಮಗಳೊಬ್ಬಳು ಜೊತೆಯಲ್ಲಿದ್ದು ಅಡಿಗೆ ಮಾಡಿಹಾಕುತ್ತಿದ್ದಳು.

"ನಮ್ಮೂರಿನೋನೇ ಹೆಡ್ ಮೇಷ್ಟ್ರಾಗಿ ಬಂದ್ಯಲ್ಲಪ್ಪಾ, ನನಗೆ ಆನೆಬಲ ಬಂದಂಗಾಯ್ತು" ಎಂದರು.

"ಒಳಗೆ ನಡೀರಿ ಅಸಿಸ್ಟೆಂಟ್ ಮೇಷ್ಟ್ರೇ, ಗಂಟೆ ಆಯ್ತು" ಎಂದೆ. ಆಮೇಲೆ ಅವರನ್ನು ಐಗಳೇ ಎಂದು ನಾನು ಒಂದು ದಿನವೂ ಕರೆಯಲಿಲ್ಲ.

ಅವರ ಬೆತ್ತವನ್ನು ಆ ವಾರವೇ ಕಸಿದು ಮಾಡಿನ ಸಂದಿಗೆ ಸಿಕ್ಕಿಸಿದೆ. ಹೊಸ ಪದ್ಧತಿಯಲ್ಲಿ ಬೆತ್ತಕ್ಕೆ ಜಾಗವಿಲ್ಲ ಎಂದು ನಾವು ಕಲಿತದ್ದು ನಿಜ. ಆದರೆ ನಾನು ಅದನ್ನು ಕಿತ್ತುಕೊಂಡದ್ದು ಮಕ್ಕಳ ಮುಂದೆ, ಮಕ್ಕಳು ನಗುವ ಹಾಗೆ. ಆಮೇಲೆ ಪಾಠ ಹೇಳುವಾಗ ಅವರಿಗೆ ಬಲಗೈಯನ್ನು ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ. ಒಮ್ಮೆ ಬೆನ್ನ ಹಿಂದೆ, ಒಮ್ಮೆ ಶಲ್ಯದ ಒಳಗೆ ಇಟ್ಟುಕೊಳ್ಳುತ್ತಿದ್ದರು.

ಆ ವರ್ಷ ಮೇಲಿನಿಂದ ಒಂದು ಹುಕುಂ ಬಂತು. ತರಬೇತಿ ಇಲ್ಲದ ಮೇಷ್ಟ್ರುಗಳು ತರೀಕೆರೆಯಲ್ಲಿ ಸೇರುವ ಉಪಾಧ್ಯಾಯರ ಕೂಟದಲ್ಲಿ, ಇನ್ಸ್‌ಪೆಕ್ಟರ ಎದುರಿಗೆ ಒಂದು ಮಾದರಿ ಪಾಠ ಮಾಡಿ ತೋರಿಸಬೇಕು. ಸರಿಬಂದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಬಿಟ್ಟುಹೋಗಬೇಕು. ಅವರನ್ನು ತಯಾರು ಮಾಡುವ ಹೊಣೆ ಆಯಾ ಶಾಲೆಯ ಹೆಡ್ ಮೇಷ್ಟ್ರದು. ಅದಕ್ಕಾಗಿ ಒಂದು ಮರದ ಪೆಟ್ಟಿಗೆಯನ್ನೂ ಊರಿಂದೂರಿಗೆ ಕಳಿಸುತ್ತಿದ್ದರು. ಅದರಲ್ಲಿ ಬೋಧನಾ ಕ್ರಮದ ಪುಸ್ತಕ, ಗೋಡೆಗೆ ತೂಗುಹಾಕುವ ಚಿತ್ರಗಳು, ಲೆಕ್ಕ ಕಲಿಸುವ ಮಣಿಚೌಕಟ್ಟು, ಒಂದು ಸಣ್ಣ ಭೂಗೋಳ. ನಮ್ಮ ಸರದಿ ಎರಡು ತಿಂಗಳು.

ಆ ಪೆಟ್ಟಿಗೆ ನಮಗೆ ಬರುವ ಹೊತ್ತಿಗೆ ಏಳೆಂಟು ಶಾಲೆ ಸುತ್ತಿತ್ತು. ಕಟ್ಟಿದ ಹುರಿಯನ್ನು ಯಾರೂ ಬಿಚ್ಚಿದ ಹಾಗೆ ಕಾಣಲಿಲ್ಲ. ಒಂದು ಊರಿನ ಮೇಷ್ಟ್ರು ಅದರ ಮೇಲೆ ಕಂಬಳಿ ಹಾಸಿ, ಬಂದ ಶಾನುಭೋಗರನ್ನು ಕೂರಿಸುತ್ತಿದ್ದರಂತೆ. ಪುಸ್ತಕದ ಹಾಳೆಗಳು ಅಂಚು ಕತ್ತರಿಸದೆ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ನಾನು ಚಾಕು ಹಿಡಿದು ಪ್ರತಿಯೊಂದನ್ನೂ ಬಿಡಿಸಿದೆ, ಮೊದಲಿಂದ ಕೊನೆಯವರೆಗೆ ಎರಡು ಸಲ ಓದಿದೆ. ಆ ಸೀಮೆಯಲ್ಲಿ ಅದನ್ನು ನನ್ನಷ್ಟು ಚೆನ್ನಾಗಿ ಬಳಸಿಕೊಂಡವರು ಇನ್ನೊಬ್ಬರು ಇರಲಾರರು. ಹೇಗೆ ಬಳಸಿಕೊಂಡೆ ಎಂಬುದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ದಿನಾ ಸಂಜೆ ಮಕ್ಕಳು ಹೋದ ಮೇಲೆ ಐಗಳು ನನ್ನೊಬ್ಬನಿಗೆ ಪಾಠ ಮಾಡಬೇಕಿತ್ತು. ನಾನು ಚಾಪೆಯ ಮೇಲೆ ವಿದ್ಯಾರ್ಥಿಯಾಗಿ ಕೂರುತ್ತಿದ್ದೆ. ಅವರು ಒಂದು ಮಾತು ಹೇಳುವಷ್ಟರಲ್ಲಿ ತಡೆದು, "ಯಾಕೆ?" ಎನ್ನುತ್ತಿದ್ದೆ. ಉತ್ತರ ಕೊಟ್ಟರೆ, "ಅದು ಯಾಕೆ?" ಅವರು ತಡವರಿಸುವ ತನಕ ಬಿಡುತ್ತಿರಲಿಲ್ಲ. ಕಂಡ ತಪ್ಪುಗಳನ್ನೆಲ್ಲ ಟೀಕೆಯ ಪುಸ್ತಕದಲ್ಲಿ ಕೆಂಪು ಮಸಿಯಿಂದ ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದೆ. ಅವರ ಕಣ್ಣಿಗೆ ಕೆಂಪು ಮಸಿ ಕಾಣುವುದಿಲ್ಲವೆಂದು ಗೊತ್ತಿದ್ದೇ ಹಾಗೆ ಮಾಡುತ್ತಿದ್ದೆ. ಮನೆಯಲ್ಲಿ ಅದನ್ನು ಅವರ ಮಗಳು ಓದಿ ಹೇಳುತ್ತಿದ್ದಳು. ಅವಳಿಗೆ ಓದಲು ಬರುತ್ತಿತ್ತು, ಅವರೇ ಕಲಿಸಿದ್ದರು. ತಂದೆಯ ತಪ್ಪುಗಳನ್ನು ಮಗಳು ತಂದೆಗೆ ಓದಿ ಹೇಳಲಿ ಎನ್ನುವ ಯೋಚನೆಯೂ ನನಗೆ ಹಿತವಾಗಿತ್ತು.

ಒಂದು ಬೆಳಿಗ್ಗೆ, ಹಿಂದಿನ ದಿನದ ಟೀಕೆಯನ್ನು ಮಕ್ಕಳ ಎದುರಿಗೆ ನಿಂತು ಒಪ್ಪಿಸಲು ಹೇಳಿದೆ.

"ಅಸಿಸ್ಟೆಂಟ್ ಮೇಷ್ಟ್ರಿಗೆ ಪ್ರಶ್ನೆ ಕೇಳುವುದು ಬರುವುದಿಲ್ಲ" ಎಂದು ಅವರು ಮಗ್ಗಿಯ ರಾಗದಲ್ಲೇ ಶುರುಮಾಡಿದರು. "ಅಸಿಸ್ಟೆಂಟ್ ಮೇಷ್ಟ್ರು ಉತ್ತರವನ್ನು ತಾವೇ ಹೇಳಿಬಿಡುತ್ತಾರೆ." ಮಕ್ಕಳೂ ಅದೇ ರಾಗದಲ್ಲಿ ಹಿಂದೆ ಹೇಳತೊಡಗಿದವು. ನಾನು ತಡೆಯಲಿಲ್ಲ.

ನಾನು ಎಣಿಸದೇ ಇದ್ದದ್ದು ಒಂದು. ಮುದುಕರು ನಿಜವಾಗಿ ಕಲಿಯತೊಡಗಿದ್ದರು. ಬೋಧನಾ ಕ್ರಮದ ಪುಸ್ತಕವನ್ನು ಮಗಳಿಂದ ಓದಿಸಿ ಓದಿಸಿ, ತಿಂಗಳೊಪ್ಪತ್ತಿನಲ್ಲಿ ಪೂರ್ತಿ ಬಾಯಿಪಾಠ ಮಾಡಿಬಿಟ್ಟರು. ಮೊದಲು ಕಾಣುವ ವಸ್ತು, ಆಮೇಲೆ ಕಾಣದ ವಿಷಯ ಎಂಬ ಸೂತ್ರವನ್ನು ದಾರಿಯಲ್ಲಿ ನಡೆಯುವಾಗಲೂ ಗುನುಗುತ್ತಿದ್ದರು.

"ಇದು ಉರು ಹೊಡೆಯೋ ಪುಸ್ತಕ ಅಲ್ಲ" ಎಂದು ಗದರಿದೆ.

"ನನಗೆ ಇನ್ಹೆಂಗೂ ಕಲಿಯಾಕೆ ಬರಲ್ಲ ಕಣಪ್ಪಾ" ಎಂದರು. "ಒಂದ್ ಸಲ ಬಾಯಿಗೆ ಬಂದ್ಬಿಟ್ರೆ ನಿಧಾನಕ್ಕೆ ಅರ್ಥ ಆಯ್ತದೆ. ನೆನ್ನೆ ಒಂದು ವಾಕ್ಯ ಅರ್ಥ ಆಯ್ತು. ಮಗ ಉತ್ತರ ಹೇಳೋತಂಕ ನಾವು ಸುಮ್ನಿರಬೇಕು ಅಂತ ಐತಲ್ಲ, ಅದು. ನಲವತ್ತು ವರ್ಷ ನಾನು ಒಂದ್ ದಿನನೂ ಸುಮ್ನಿರಲಿಲ್ಲ ನೋಡು."

ಅವರ ಮುಖದಲ್ಲಿ ಸಂತೋಷವಿತ್ತು. ನನಗೆ ಅದನ್ನು ನೋಡಲಾಗಲಿಲ್ಲ. ಆ ಸಂಜೆಯ ಟೀಕೆ ಎರಡು ಪುಟ ಆಯಿತು.

ಕೂಟದ ದಿನ ಬೆಳಗಿನ ಗಾಡಿಗೆ ಶಿವನಿಯಲ್ಲಿ ಹತ್ತಿ, ಅಜ್ಜಂಪುರ ದಾಟಿ, ಬೀರೂರಿನಲ್ಲಿ ಗಾಡಿ ಬದಲಾಯಿಸಿ ತರೀಕೆರೆಗೆ ಹೋದೆವು. ಐಗಳು ಮಗಳು ಒಗೆದು ಮಡಿಸಿಕೊಟ್ಟಿದ್ದ ಅಂಗಿ ಹಾಕಿ, ರುಮಾಲು ಸುತ್ತಿಕೊಂಡಿದ್ದರು. ಮಡಿಲಲ್ಲಿ ಒಂದು ಸುಲಿಯದ ತೆಂಗಿನಕಾಯಿ, ಒಂದು ಸುಲಿದದ್ದು, ಒಂದು ಎಳನೀರು. ಪಾಠದ ವಿಷಯ ತೆಂಗಿನಕಾಯಿ.

ಶಾಲೆಯ ಹಜಾರದಲ್ಲಿ ಮೂವತ್ತು ಮಂದಿ ಮೇಷ್ಟ್ರುಗಳು ಗೋಡೆಗೆ ಒರಗಿ ಕೂತಿದ್ದರು. ನಡುವೆ ಕುರ್ಚಿಯಲ್ಲಿ ಇನ್ಸ್‌ಪೆಕ್ಟರು. ಅವರ ಮುಂದೆ ಚಾಪೆಯ ಮೇಲೆ ಆ ಊರಿನ ಎರಡನೇ ತರಗತಿಯ ಮಕ್ಕಳು. ಐಗಳು ಒಂದು ಗಳಿಗೆ ಸುಮ್ಮನೆ ನಿಂತರು. ಮಾತು ಮರೆತುಹೋಯಿತು ಅಂದುಕೊಂಡೆ. ಮರೆತಿರಲಿಲ್ಲ. ಕಾಯಿಗಳನ್ನು ಮಕ್ಕಳ ಕೈಗೆ ಕೊಟ್ಟು ಕೆಳಗೆ ಕೂತರು. "ಏನೈತೆ ಒಳಗೆ, ನೋಡದೆ ಹೇಳ್ರಪ್ಪಾ" ಎಂದರು. ಮಕ್ಕಳು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದವು, ಮೂಸಿದವು, ಕೈಯಲ್ಲಿ ತೂಗಿದವು, ಒಂದರ ಮೇಲೊಂದು ಬಿದ್ದು ಮಾತಾಡಿದವು. ಐಗಳು ಕಾದರು. ಹಾಗೆ ಕಾಯುವುದು ನನ್ನಿಂದಲೂ ಆಗುತ್ತಿರಲಿಲ್ಲ.

ಆಗ ಒಂದು ಮಗು ಎದ್ದು, "ಮೇಷ್ಟ್ರೇ, ತೂತೇ ಇಲ್ವಲ್ಲ, ನೀರು ಒಳಕ್ಕೆ ಹೆಂಗೆ ಹೋಯ್ತು?" ಎಂದು ಕೇಳಿತು.

ಐಗಳು ಕಾಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ನಂಗೂ ಗೊತ್ತಿಲ್ಲ ಕಣೋ. ಇಷ್ಟು ವರ್ಷ ಕುಡಿದೆ, ಕೇಳ್ಲೇ ಇಲ್ಲ. ಗೊತ್ತಿರೋರನ್ನ ಕೇಳಾಣ ನಡಿ" ಎಂದವರೇ ಮಗುವಿನ ಕೈಹಿಡಿದು ನೇರ ಇನ್ಸ್‌ಪೆಕ್ಟರ ಕುರ್ಚಿಯ ಮುಂದೆ ಹೋಗಿ ನಿಂತರು. ಹಜಾರವೆಲ್ಲ ನಕ್ಕಿತು. ಅದು ಗೇಲಿಯ ನಗುವಲ್ಲ. ಇನ್ಸ್‌ಪೆಕ್ಟರೂ ನಕ್ಕು, ಬೇರು, ಕಾಂಡ ಎಂದು ಮಗುವಿಗೆ ತಮಗೆ ತಿಳಿದಷ್ಟು ಹೇಳಿದರು.

ಪಾಠ ಮುಗಿಯಿತು. ಅದು ಒಳ್ಳೆಯ ಪಾಠವಾಗಿತ್ತು. ಅಲ್ಲಿಂದ ಮುಂದೆ ಇನ್ನೂರಾದರೂ ಮಾದರಿ ಪಾಠ ನೋಡಿದ್ದೇನೆ, ಅಂಥದ್ದು ಮತ್ತೆ ಮೂರೋ ನಾಲ್ಕೋ.

ಪಾಠ ಮಾಡಿದವರ ಶಾಲೆಯವರೇ ಮೊದಲು ಟೀಕೆ ಮಾಡುವುದು ವಾಡಿಕೆ. ಇನ್ಸ್‌ಪೆಕ್ಟರು ನನ್ನತ್ತ ನೋಡಿ, "ಹೇಳಿ, ನೀವು ತರಬೇತಾದವರು, ನಿಮ್ಮ ಮಾತಿನ ಮೇಲೆ ಬರೆದುಕೊಳ್ತೇನೆ" ಎಂದರು. ಮುಖದಲ್ಲಿ ಇನ್ನೂ ನಗುವಿತ್ತು. ನಾನು ಎದ್ದು ನಿಂತೆ. ಪಾಠ ಚೆನ್ನಾಗಿತ್ತು ಎಂಬ ಎರಡು ಮಾತು ಸಾಕಿತ್ತು.

"ಶಿಕ್ಷಕರು ತಮಗೆ ಗೊತ್ತಿಲ್ಲವೆಂದು ಮಕ್ಕಳ ಮುಂದೆ ಒಪ್ಪಿಕೊಂಡದ್ದು ಮೊದಲನೆಯ ದೋಷ" ಎಂದೆ. ಆಮೇಲೆ ನಿಲ್ಲಿಸಲಿಲ್ಲ. ಕಪ್ಪು ಹಲಗೆ ಮುಟ್ಟಲಿಲ್ಲ. ಉಚ್ಚಾರಣೆ ಗ್ರಾಮ್ಯ. ನೆಲದ ಮೇಲೆ ಕೂತು ಶಿಸ್ತು ಕೆಡಿಸಿದರು. ತರಗತಿಯನ್ನು ಬಿಟ್ಟು ಮೇಲಧಿಕಾರಿಗಳಿಗೆ ತೊಂದರೆ ಕೊಟ್ಟರು. ಮುಕ್ತಾಯದಲ್ಲಿ ಸಾರಾಂಶವಿಲ್ಲ. ಎಲ್ಲವೂ ಪುಸ್ತಕದ ಭಾಷೆ, ಎಲ್ಲವೂ ಅಷ್ಟಿಷ್ಟು ನಿಜ. ಇನ್ಸ್‌ಪೆಕ್ಟರ ನಗು ಆರಿತು. ಕೊನೆಯಲ್ಲಿ ನಾನು ಬಲಗೈ ಎತ್ತಿ, ಅಂಗಿಯ ತೋಳು ಸರಿಸಿ, ಸೊಟ್ಟ ಮಣಿಕಟ್ಟನ್ನು ಎಲ್ಲರಿಗೂ ತೋರಿಸಿದೆ. "ಇದು ಇವರ ಪಾಠದ ಫಲ. ಎಂಟು ವರ್ಷದ ಹುಡುಗನನ್ನು ಕೋದಂಡಕ್ಕೆ ಹಾಕಿದ ಕೈ ಇವರದು. ಬೆತ್ತವಿಲ್ಲದ ಪಾಠವನ್ನು ಇವತ್ತೊಂದು ದಿನ ನೀವು ನೋಡಿದ್ದೀರಿ."

ಇನ್ಸ್‌ಪೆಕ್ಟರು ಏನನ್ನೋ ಬರೆದು ಮುಂದಿನವರ ಹೆಸರು ಕರೆದರು. ಐಗಳು ಮಕ್ಕಳಿಗೆ ಎಳನೀರು ಕೊಚ್ಚಿಕೊಡುತ್ತಾ ಕೂತಿದ್ದರು.

ಮಧ್ಯಾಹ್ನ ಬೀರೂರಿನಲ್ಲಿ ಗಾಡಿಗಾಗಿ ಮೂರು ಗಂಟೆ ಕಾಯಬೇಕಾಯಿತು. ಪ್ಲಾಟ್‌ಫಾರ್ಮಿನ ಬೇವಿನ ಮರದ ಕೆಳಗೆ ಒಬ್ಬರ ಪಕ್ಕ ಒಬ್ಬರು ಕೂತಿದ್ದೆವು. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿ ಎಂದೂ ಇತ್ತು.

"ಕೋದಂಡಕ್ಕೆ ನಿನ್ನ ಹಾಕಿದ್ನಾ ನಾನು?" ಎಂದರು. "ಯಾವಾಗ?"

"ಕೆರೆ ಕೋಡಿ ಬಿದ್ದ ವರ್ಷ."

ಯೋಚಿಸಿದರು. ನಿಜವಾಗಿ ಯೋಚಿಸುತ್ತಿದ್ದರು, ನಾನು ಮುಖವನ್ನೇ ನೋಡುತ್ತಿದ್ದೆ. "ನೆನಪಿಗೆ ಬರ್ತಿಲ್ಲ ಕಣಪ್ಪಾ. ಸುಮಾರು ಜನನ್ನ ಹಾಕಿದೀನಿ. ಅದರಾಗೆ ನೀನು ಯಾರೋ."

ಹದಿನೈದು ವರ್ಷ ನಾನು ಹೊತ್ತುಕೊಂಡು ತಿರುಗಿದ್ದು ಅವರ ತಲೆಯಲ್ಲಿ ಒಂದು ದಿನವೂ ಇರಲಿಲ್ಲ. ನನಗೆ ಅಲ್ಲೇ ಎದ್ದು ಅವರ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅವರು ಅಂಗಿಯ ಜೇಬಿನಿಂದ ಕಾಗದ, ಸೀಸದಕಡ್ಡಿ ತೆಗೆದರು.

"ನೀನು ಹೇಳಿದ ತಪ್ಪು ಪೂರ್ತಿ ಮನಸ್ಸಿಗೆ ಹಿಡೀಲಿಲ್ಲ. ಕಪ್ಪು ಹಲಗೆ ಒಂದು, ಸಾರಾಂಶ ಒಂದು. ಇನ್ನೇನೇನು? ಇನ್ನೊಂದ್ ಸಲ ಹೇಳು, ಬರ್ಕತೀನಿ. ಮುಂದಿನ ಸಲಕ್ಕೆ ಸರಿಮಾಡ್ಕಬೇಕಲ್ಲ."

ಮುಂದಿನ ಸಲ ಇಲ್ಲವೆಂದು ನನಗೆ ಗೊತ್ತಿತ್ತು. ಒಂದೊಂದಾಗಿ ಹೇಳಿದೆ. ಅವರು ಕಾಗದವನ್ನು ಕಣ್ಣಿಗೆ ತಾಗಿಸಿಕೊಂಡು, ದಪ್ಪ ದಪ್ಪ ಅಕ್ಷರದಲ್ಲಿ ಎಲ್ಲವನ್ನೂ ಬರೆದುಕೊಂಡರು.

ತಿಂಗಳು ಕಳೆಯುವುದರೊಳಗೆ ಅವರನ್ನು ಕೆಲಸದಿಂದ ಬಿಡಿಸಿದ ಆರ್ಡರು ಬಂತು. ಓದಿ ಹೇಳಿದೆ. ಆಗ ಮಾತ್ರ ಅವರಿಗೆ ಕೋಪ ಬಂತು. "ಪಾಠ ಚೆನ್ನಾಗಿತ್ತು ಅಂತ ನಿನಗೆ ಗೊತ್ತಿತ್ತು ಕಣೋ. ನನ್ನ ಕಣ್ಣು ಹೋಗೈತೆ, ಕಿವಿ ಹೋಗಿಲ್ಲ. ಹೇಳುವಾಗ ನಿನ್ನ ಗಂಟಲು ನಡುಗ್ತಿತ್ತು" ಎಂದರು. ಶಲ್ಯ ಕೊಡವಿ ಹೊರಟುಹೋದರು. ತಂದೆ ಮಗಳು ಕಡೂರಿನಲ್ಲಿದ್ದ ನೆಂಟರ ಮನೆ ಸೇರಿಕೊಂಡರೆಂದು ಆಮೇಲೆ ತಿಳಿಯಿತು.

ಆ ದಿನದ ಟೀಕೆಯಿಂದ ನನಗೆ ಹೆಸರು ಬಂತು. ನಾಲ್ಕು ವರ್ಷದಲ್ಲಿ ಕಡೂರಿಗೆ ವರ್ಗವಾಗಿ, ಸುತ್ತಿನ ಮೇಷ್ಟ್ರುಗಳಿಗೆ ಪಾಠಕ್ರಮ ಹೇಳಿಕೊಡುವ ಕೆಲಸ ಸಿಕ್ಕಿತು. ನನ್ನ ಎದುರಿಗೆ ಪಾಠ ಮಾಡಲು ಜನ ಹೆದರುತ್ತಿದ್ದರು. ನನಗಿಂತ ವಯಸ್ಸಾದವರು ಕಣ್ಣೀರು ಹಾಕಿದ್ದೂ ಉಂಟು. ಆ ಹೆದರಿಕೆಯನ್ನು ನಾನು ಗೌರವ ಅಂದುಕೊಂಡಿದ್ದೆ.

ಅಲ್ಲಿಗೆ ಒಂದು ದಿನ ಐಗಳ ಮಗಳು ಬಂದಳು. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತಳು.

"ಅಪ್ಪಯ್ಯ ಹಾಸಿಗೆ ಹಿಡಿದವ್ರೆ. ಎರಡೂ ಕಣ್ಣು ಹೋಯ್ತು. ತಾನು ಮೇಷ್ಟ್ರಾಗಿದ್ದೆ ಅಂತ ಸರ್ಕಾರದ ಕಾಗದ ಒಂದು ಬೇಕಂತೆ. ಕೈಯಲ್ಲಿ ಇಟ್ಕಬೇಕಂತೆ" ಎಂದಳು.

ಬರೆದುಕೊಟ್ಟೆ. ಇಂಥ ಶಾಲೆಯಲ್ಲಿ, ಇಷ್ಟು ವರ್ಷ, ತರಬೇತಿ ಇಲ್ಲದ ಉಪಾಧ್ಯಾಯರಾಗಿದ್ದರು ಎಂದು. ಅವಳು ನಿಂತಲ್ಲೇ ಓದಿದಳು.

"ತರಬೇತಿ ಇಲ್ಲದ ಅನ್ನೋದನ್ನ ತೆಗೆದುಬಿಡಿ. ನಾನು ಓದಿ ಹೇಳಬೇಕು ಅವರಿಗೆ."

"ಇದ್ದದ್ದನ್ನು ಬರೆದಿದ್ದೇನಮ್ಮ. ಸರ್ಕಾರದ ಕಾಗದ."

"ಓದುವಾಗ ನಾನೇ ಬಿಟ್ಟು ಓದಬಹುದು" ಎಂದಳು, ತನಗೆ ತಾನೇ ಎನ್ನುವ ಹಾಗೆ. "ಆಗೆಲ್ಲ ನೀವು ಬರೆದಿದ್ದನ್ನ ಒಂದಕ್ಷರ ಬಿಡದಂಗೆ ಓದಿ ಹೇಳಿದೀನಿ. ಈಗ ಸುಳ್ಳು ಓದಾಕೆ ಬಾಯಿ ಬರಲ್ಲ."

ಕಾಗದವನ್ನು ಹೊಸ್ತಿಲ ಮೇಲೆ ಇಟ್ಟು ಹೊರಟುಹೋದಳು. ಆ ಎರಡು ಮಾತನ್ನು ಹೊಡೆದುಹಾಕಿ, ಹಿಂದೆಯೇ ಓಡಿ ಹೋಗಿ ಕೊಡಬಹುದಿತ್ತು. ಬೀದಿಯ ತಿರುವಿನ ತನಕ ಅವಳು ಕಾಣುತ್ತಿದ್ದಳು. ಅವತ್ತು ಪಾಠ ಒಪ್ಪಿಸಲು ಬಂದಿದ್ದ ಮೇಷ್ಟ್ರೊಬ್ಬರು ಜಗುಲಿಯಲ್ಲಿ ಕಾಯುತ್ತಿದ್ದರು. ನಾನು ಅವರನ್ನು ಒಳಗೆ ಕರೆದೆ.