ಷಡಕ್ಷರಪ್ಪನವರ ನೀಲಿ ಹೂಮಾಲೆ

ಭದ್ರಾವತಿಯ ಹಳೇನಗರದಲ್ಲಿರುವ ಷಡಕ್ಷರಪ್ಪನವರ ಟೈಲ್ಸ್ ಶೆಡ್ಡಿಗೆ ಹೋದವರಿಗೆ ಮೊದಲು ಸಿಗುವುದು ಕಾಫಿಯಲ್ಲ, ವಂಶಾವಳಿ. ಹರೆಯದಲ್ಲಿ ಅವರು ಗೋವೆಗೆ ಹೋಗಿ, ಬೆನೆಡಿಟೊ ಎಂಬ ಮುದುಕರ ಬಳಿ ಬಿಳಿ ಟೈಲ್ಸಿನ ಮೇಲೆ ನೀಲಿಯಲ್ಲಿ ಚಿತ್ರ ಬರೆದು ಸುಡುವ ಪೋರ್ಚುಗೀಸ್ ವಿದ್ಯೆ ಕಲಿತವರು. ಬೆನೆಡಿಟೊಗೆ ಕಲಿಸಿದ್ದು ಅವರ ತಾತ, ಆ ತಾತನಿಗೆ ಲಿಸ್ಬನ್ನಿನ ಯಾರೋ. "ಆಮೇಲೆ ನಾನೇ," ಎನ್ನುತ್ತಾರೆ ಷಡಕ್ಷರಪ್ಪ, ನಡುವಿನವರೆಲ್ಲ ರಜೆಯ ಮೇಲಿದ್ದಂತೆ.

ಈ ಪರಂಪರೆಗೆ ನಮ್ಮೂರು ಕೊಟ್ಟ ಕೆಲಸ ಒಂದೇ. ಕಾಂಪೌಂಡಿಗೆ ಯಾರೂ ಉಚ್ಚೆ ಹೊಯ್ಯದಂತೆ ಮೊಣಕಾಲೆತ್ತರದಲ್ಲಿ ಅಂಟಿಸಲು ದೇವರ ಚಿತ್ರ ಬರೆದುಕೊಡುವುದು. "ಅರಮನೆ ಗೋಡೆಯ ವಿದ್ಯೆ ಮಾರಾಯ, ಇಲ್ಲಿ ಚರಂಡಿ ಕಾಯ್ತಿದೆ," ಎಂದು ಕೊರಗುತ್ತಿದ್ದರು. ಗುರುಗಳು ಕಲಿಸಿದ ಹೂಮಾಲೆ ಬಾರ್ಡರ್ ಸಮೇತ ಒಂದು ದೊಡ್ಡ ಚಿತ್ರವನ್ನು ಗೋಡೆಯ ಮೇಲೆ ನಿಲ್ಲಿಸಬೇಕು ಎನ್ನುವುದೊಂದೇ ಅವರ ಆಸೆ.

ಆ ಗೋಡೆ ಶಿವಮೊಗ್ಗದ ಆಲ್ಕೊಳದಲ್ಲಿ ಸಿಕ್ಕಿತು. ಹಲವು ಸಂಘಗಳ ಮಾಜಿ ಅಧ್ಯಕ್ಷ ಚಂದ್ರಶೇಖರಪ್ಪನವರು ತಮ್ಮ ಗೇಟಿನ ಪಕ್ಕ ದೇವರ ಬದಲು ತಮ್ಮದೇ ಚಿತ್ರ ಬೇಕೆಂದರು. ಷಡಕ್ಷರಪ್ಪ ತಿಂಗಳುಗಟ್ಟಲೆ ದುಡಿದು, ಆಳೆತ್ತರದ ಅಧ್ಯಕ್ಷರನ್ನು ಬರೆದು, ಸುತ್ತಲೂ ಗುರುಗಳ ಹೂಮಾಲೆ ಇಳಿಬಿಟ್ಟು, ಗೋಡೆಗೆ ಕೂರಿಸಿದರು.

ಮರುದಿನ ಬೆಳಿಗ್ಗೆ ಚಂದ್ರಶೇಖರಪ್ಪನವರ ಹಳೆಯ ಸ್ನೇಹಿತ, ಹೊಳಲೂರಿನ ಭೈರಪ್ಪ ಬಂದವರು ಚಿತ್ರ ಕಂಡು ಚಪ್ಪಲಿ ಬಿಟ್ಟು ಕೈಮುಗಿದರು. ಬಾಗಿಲಲ್ಲಿದ್ದ ಯಜಮಾನತಿ ಮಹಾಂತಮ್ಮನವರನ್ನು ನೋಡಿ ಟವೆಲಿನಿಂದ ಕಣ್ಣೊರೆಸಿಕೊಂಡರು.

"ಅಕ್ಕ, ಒಂದು ಫೋನಾದ್ರೂ ಮಾಡೋದಲ್ವಾ? ಯಾವಾಗ ತೀರ್ಕೊಂಡ್ರು?"

ಬಾಯಲ್ಲಿ ಪೇಸ್ಟಿನ ನೊರೆ ತುಂಬಿಕೊಂಡೇ ಚಂದ್ರಶೇಖರಪ್ಪ ಹೊರಗೆ ಬಂದರು. ಭೈರಪ್ಪ ಮೆಟ್ಟಿಲ ಮೇಲೆ ಕುಸಿದರು.

ಹಾರ ಹಾಕಿದ ಒಂಟಿ ಫೋಟೊ ಎಂದರೆ ನಮ್ಮ ಕಡೆ ಅರ್ಥ ಒಂದೇ. ಮಧ್ಯಾಹ್ನದ ಹೊತ್ತಿಗೆ ಕುಂಸಿಯ ಬೀಗರು ಟೆಂಪೋ ಮಾಡಿಕೊಂಡು ಬಂದಿಳಿದರು. ಷಡಕ್ಷರಪ್ಪನವರಿಗೆ ಕರೆ ಹೋಯಿತು. ಅವರು ಬಂದಿಳಿದ ಕೂಡಲೇ ಚಂದ್ರಶೇಖರಪ್ಪ ಗುಡುಗಿದರು.

"ಆ ಹೂವು ಕಿತ್ತು ಹಾಕ್ರೀ!"

"ಹೂವು ಕಿತ್ರೆ ನಿಮ್ಮನ್ನೂ ಕೀಳ್ತೀನಿ ಸಾರ್. ಬಾರ್ಡರ್ ಇಲ್ದೆ ನಮ್ಮ ಮನೆತನದಿಂದ ಚಿತ್ರ ಹೊರಗೆ ಬರಲ್ಲ."

"ಯಾವ ಮನೆತನ ಮಾರಾಯ್ರೆ? ಹಳೇನಗರದ್ದಾ?"

"ಲಿಸ್ಬನ್ನಿಂದು."

ಚಂದ್ರಶೇಖರಪ್ಪ ತಾವೇ ಸುತ್ತಿಗೆ ಎತ್ತಿಕೊಂಡರು. ಷಡಕ್ಷರಪ್ಪ ಗೋಡೆಗೆ ಬೆನ್ನು ಕೊಟ್ಟು ಅಡ್ಡ ನಿಂತರು. ಆಗ ಮಹಾಂತಮ್ಮ ಬಾಯಿ ಬಿಟ್ಟರು.

"ಒಬ್ಬರಿಗೇ ಹಾರ ಹಾಕಿದ್ರೆ ತಾನೆ ಸತ್ತೋರ ಥರ ಕಾಣೋದು? ಪಕ್ಕದಲ್ಲಿ ನನ್ನ ನಿಲ್ಲಿಸಿ, ಮದುವೆ ಥರ ಕಾಣುತ್ತೆ."

"ಆದ್ರೆ ಅಮ್ಮಾ, ಪೋರ್ಚುಗೀಸರಲ್ಲಿ..."

"ಯಾಕೆ, ಅವರಿಗೆ ಹೆಂಡ್ತೀರು ಇರ್ಲಿಲ್ವಾ?"

ಒಂದು ಬದಿಯ ಹೂವು ಒಡೆದು, ಮಹಾಂತಮ್ಮನವರನ್ನು ಸೇರಿಸಿ, ಸುತ್ತ ಮತ್ತೆ ಹೂವು ಕೂರಿಸಿದ್ದಾಯಿತು. ಸೀರೆ ಕೆಂಪಿರಲಿ ಎಂಬ ಅವರ ಕೋರಿಕೆಗೆ ಮಾತ್ರ ಷಡಕ್ಷರಪ್ಪ ಬಗ್ಗಲಿಲ್ಲ.

ಈಗ ಮದುವೆ ವಾರ್ಷಿಕೋತ್ಸವದ ಜೋಡಿಗಳು ಭದ್ರಾವತಿ ಹುಡುಕಿಕೊಂಡು ಬರುತ್ತಿವೆ. ಮೊನ್ನೆ ಒಬ್ಬ ಮಾಜಿ ಕೌನ್ಸಿಲರ್ ತನ್ನೊಬ್ಬನದೇ ಚಿತ್ರ ಬೇಕೆಂದಾಗ ಷಡಕ್ಷರಪ್ಪ ಗಂಭೀರವಾಗಿ ತಲೆ ಅಲ್ಲಾಡಿಸಿದರು.

"ಮನೆಯವರನ್ನ ಕರ್ಕೊಂಡು ಬನ್ನಿ ಸಾರ್. ಒಂಟಿ ಗಂಡಸರನ್ನ ಬರೆಯೋ ಸಂಪ್ರದಾಯ ಲಿಸ್ಬನ್ನಲ್ಲೇ ಇಲ್ಲ."