ಯಾವ ಎಣ್ಣಿ ಅಂತ ಕೇಳಲಿಲ್ಲ

ಬಳ್ಳಾರಿಯ ನಮ್ಮ ಬಾಡಿಗೆ ಮನೆಯ ಅಡುಗೆಕೋಣೆ ಬಾಗಿಲ ಹಿಂದೆ ಒಂದು ಪಟ್ಟಿ ಇನ್ನೂ ಅಂಟಿಕೊಂಡಿದೆ. ನಾನೇ ಬರೆದದ್ದು. ಸ್ಕೆಚ್ ಪೆನ್ನಿನಲ್ಲಿ ಗುಂಡಗೆ ಬರೆದು, ಕುರುಗೋಡಿನ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದ್ದು. ಮೇಲೆ ಕೆಂಪಕ್ಷರದಲ್ಲಿ ‘ನಾಯಿಗೆ ತುರ್ತು ಸಂದರ್ಭಗಳಲ್ಲಿ ಅನುಸರಿಸಬೇಕಾದ ಕ್ರಮಗಳು’ ಅಂತ ಇದೆ. ನಾಯಿ ಈಗ ಇಲ್ಲ. ಪಟ್ಟಿ ಕೀಳಬೇಕು ಅಂತ ಎಷ್ಟೋ ಸಲ ಬಾಗಿಲು ಮುಚ್ಚಿ ನಿಂತಿದ್ದೇನೆ. ಉಗುರಿನಿಂದ ಒಂದು ಮೂಲೆ ಎಬ್ಬಿಸಿ ಮತ್ತೆ ಒತ್ತಿ ಅಂಟಿಸಿದ್ದೇನೆ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಇದನ್ನು ಹೇಳಿಕೊಳ್ಳೋಕೆ ನನಗೆ ನಾಚಿಕೆ ಇರಲಿಲ್ಲ, ಸಂಕೋಚವೂ ಇರಲಿಲ್ಲ. ನಮ್ಮೂರು ದೇಶನೂರಿನಿಂದ ಸಿರುಗುಪ್ಪಕ್ಕೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಪಿಯುಸಿ ಮಾಡಿದೆ. ಬಳ್ಳಾರಿಯ ಹಾಸ್ಟೆಲಿನ ನೀರು ಸಾರು ಉಂಡು ಬಿಎಸ್ಸಿ, ಆಮೇಲೆ ಬಿಎಡ್. ಅವ್ವ ಕಂಡವರ ಗದ್ದೆಯಲ್ಲಿ ಸಸಿ ಹಚ್ಚಿ, ಕಳೆ ಕಿತ್ತು ಓದಿಸಿದಳು. ಅಕ್ಕ ಏಳನೇ ಕ್ಲಾಸಿಗೆ ಸಾಲಿ ಬಿಟ್ಟು ಅವ್ವನ ಹಿಂದೆ ಗದ್ದೆಗಿಳಿದಳು. ಅವಳು ಇಳಿದಿದ್ದಕ್ಕೇ ನಾನು ಮೇಲೆ ಉಳಿದೆ. ಈಗ ಕುರುಗೋಡಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ದಿನಾ ಬಳ್ಳಾರಿಯಿಂದ ಬಸ್ಸು. ಅವ್ವ ನನ್ನ ಜೊತೆಗೇ ಇರುತ್ತಾಳೆ. ಅಕ್ಕನನ್ನು ನಮ್ಮೂರಿಗೇ ಕೊಟ್ಟಿದೆ. ಭಾವ ಸ್ವಂತದ್ದಿಷ್ಟು, ಲಾವಣಿಗೆ ಅಂತ ಗುತ್ತಿಗೆ ಹಿಡಿದ ಗದ್ದೆ ಇಷ್ಟು ಸೇರಿಸಿ ಭತ್ತ ಬೆಳೆಯುತ್ತಾನೆ.

ನಾಯಿ ಬೀದಿಯದು. ಕಂದು ಬಣ್ಣ, ಒಂದು ಕಿವಿ ಮಡಚಿದ್ದು. ಮರಿ ಇದ್ದಾಗ ಬಸ್‌ಸ್ಟ್ಯಾಂಡಿನಿಂದ ನನ್ನ ಬೆನ್ನು ಹತ್ತಿ ಬಂತು. ನಾನೊಂದು ಹೆಸರಿಟ್ಟೆ. ಅವ್ವ ಆ ಹೆಸರಿನಿಂದ ಒಂದು ದಿನವೂ ಕರೆಯಲಿಲ್ಲ. ‘ಏನ್ಲೇ’ ಅಂದರೆ ಅದು ಎದ್ದು ಬರುತ್ತಿತ್ತು. ಮೊದಮೊದಲು ಬೈದವಳೂ ಅವಳೇ, ಆಮೇಲೆ ರೊಟ್ಟಿ ಬಡಿಯುವಾಗ ಮೊದಲ ರೊಟ್ಟಿ ಅದಕ್ಕೆ ತೆಗೆದಿಟ್ಟವಳೂ ಅವಳೇ.

ಒಂದು ಬೇಸಿಗೆಯಲ್ಲಿ ಅದು ಸಾಯಬೇಕಿತ್ತು. ಬಳ್ಳಾರಿಯ ಬಿಸಿಲು ಹೆಂಗಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಮಧ್ಯಾಹ್ನ ಮಾಳಿಗೆಯ ಮೇಲೆ ತಗಡಿನ ಕೆಳಗೆ ಸಿಕ್ಕಿಹಾಕಿಕೊಂಡಿತ್ತು, ಬಾಗಿಲು ಗಾಳಿಗೆ ಹಾಕಿಕೊಂಡುಬಿಟ್ಟಿತ್ತು. ನಾವು ನೋಡುವಷ್ಟರಲ್ಲಿ ನಾಲಿಗೆ ಹೊರಗೆ, ಕಣ್ಣು ಮೇಲೆ. ಅವ್ವ ಗೋಣಿಚೀಲ ನೆನೆಸಿ ಹೊದಿಸಿದಳು. ಮೂರು ಆಟೋದವರು ನಾಯಿ ನೋಡಿ ಮುಂದೆ ಹೋದರು. ನಾಲ್ಕನೆಯವನು, ಬಿಳಿ ಟೋಪಿಯ ಮುದುಕ, ನಿಲ್ಲಿಸಿದ.

“ಹತ್ತ್ರಿ ಮೇಡಂ. ಜಾನ್ ಅಂದ್ರ ಜಾನ್, ನಾಯಿದಾದ್ರೂ ಜೀವಾನೇ. ಸೀಟು ಒರಸಿದ್ರ ಹೊಕ್ಕೈತಿ.”

ಬದುಕಿತು. ಡಾಕ್ಟರು ಚೀಟಿ ಬರೆದುಕೊಡುತ್ತಾ, “ಸಾಕಿದ ಮ್ಯಾಲೆ ಮನ್ಯಾಗ ಒಂದು ತಯಾರಿ ಇರಬೇಕ್ರಿ. ಎಲ್ಲಿ ಬಿಟ್ಟು ಹೋಗ್ತೀರೋ ಅಲ್ಲೂ ಇರಬೇಕು” ಅಂದರು.

ತಯಾರಿ ಅಂದರೆ ನನಗೆ ಹೇಳಿಕೊಡಬೇಕೆ? ಪರೀಕ್ಷೆಗೆ ತಯಾರಾಗಿಯೇ ಈ ಮಟ್ಟಿಗೆ ಬಂದವಳು. ದೀಪಾವಳಿಯ ಸ್ವೀಟಿನ ತಗಡಿನ ಡಬ್ಬಿ ತೊಳೆದು ಹತ್ತಿ, ಪಟ್ಟಿ ಬಟ್ಟೆ, ಗಾಯದ ಔಷಧಿ, ಥರ್ಮಾಮೀಟರು, ಓಆರ್‌ಎಸ್ ಪಾಕೀಟು ಇಟ್ಟೆ. ನೋವಿನಲ್ಲಿ ನಮ್ಮನ್ನೇ ಕಚ್ಚೀತು ಅಂತ ಬಾಯಿ ಕಟ್ಟೋಕೆ ನನ್ನ ಹಳೆಯ ವೇಲು ಹರಿದು ಇಟ್ಟೆ. ಇಂಜೆಕ್ಷನ್ ಪುಸ್ತಕದ ಜೆರಾಕ್ಸು, ತೂಕ ಬರೆದ ಚೀಟಿ. ರಜೆಯಲ್ಲಿ ದೇಶನೂರಿಗೆ ಹೋದಾಗ ಇರಲಿ ಅಂತ ಇನ್ನೊಂದು ಡಬ್ಬಿ. ಎರಡಕ್ಕೂ ಒಂದೊಂದು ಪಟ್ಟಿ.

ಅಕ್ಕನ ಮನೆಯ ಗೋಡೆಗೆ ನಾನೇ ಮೊಳೆ ಹೊಡೆದು ಪಟ್ಟಿ ನೇತುಹಾಕಿದೆ. ಬಚ್ಚಲದಿಂದ ಬಂದ ಅಕ್ಕ ಸೆರಗಿಗೆ ಕೈ ಒರೆಸುತ್ತಾ ನೋಡಿದಳು.

“ಎರಡು ಬಾಣಂತನ ಮಾಡಿಕೊಂಡೀನಿ, ನನಗ ಯಾರೂ ಹಿಂಗ ಬರದು ತೂಗಹಾಕಲಿಲ್ಲ ನೋಡು.”

“ಓದು ಒಂದ್ಸಲ.”

“ಓದ್ತೀನಿ ಬಿಡಲೇ. ಟೀಚರ್ ಆಗಿದ್ದು ಸಾಲ್ಯಾಗ, ಇಲ್ಲೂ ಬೆತ್ತ ಹಿಡೀಬ್ಯಾಡ.”

ಭಾವ ನಕ್ಕ. “ನಾಯಿಗೆ ಇಷ್ಟು ಕಾಯ್ದೆ ಐತಿ ಅಂದ್ರ, ನಾಳೆ ನನಗೂ ಒಂದು ಬರದು ತಾ ಮೇಡಮ್ಮಾ. ಜ್ವರ ಬಂದ್ರ ನಿಮ್ಮಕ್ಕ ನೀರೂ ಕೊಡಂಗಿಲ್ಲ.”

ನಾನೂ ನಕ್ಕೆ. ಒಳಗೆ ಹೆಮ್ಮೆಯೇ. ಅಕ್ಷರ ಒಂದೂ ತಪ್ಪಿರಲಿಲ್ಲ.

ಆ ವರ್ಷ ಗದ್ದೆಯಲ್ಲಿ ಕಳೆ ತೆಗೆಯುವ ಹೊತ್ತಿಗೆ ಸಾಕಷ್ಟು ಆಳು ಸಿಗಲಿಲ್ಲ. ಅಕ್ಕ ಅವ್ವನನ್ನು ಕರೆಸಿಕೊಂಡಳು, ಅಡುಗೆಗಾದರೂ ಆಗುತ್ತಾಳೆ ಅಂತ. ನಾನು ದಿನವಿಡೀ ಕುರುಗೋಡಿನಲ್ಲಿ, ಬಳ್ಳಾರಿಯ ಮನೆ ಖಾಲಿ. ಹಾಗಾಗಿ ನಾಯಿಯೂ ಅವ್ವನ ಜೊತೆ ದೇಶನೂರಿಗೆ ಹೋಯಿತು. ಎರಡನೇ ದಿನ ಅವ್ವ ಫೋನು ಮಾಡಿ, ಕಳೆಗೆ ಬಂದ ಹೆಣ್ಣಾಳುಗಳಿಗೆ ಮಿರ್ಚಿ ಕರಿಯಾಕ ಹತ್ತೀನಿ, ನಿನ್ನ ನಾಯಿ ಒಲೆ ಮುಂದಿಂದ ಏಳವಲ್ದು ಅಂದಳು. ಮಾರನೇ ದಿನ ಬೆಳಿಗ್ಗೆ, ಪ್ರಾರ್ಥನೆ ಮುಗಿದು ನಾನು ಒಂಬತ್ತನೇ ಕ್ಲಾಸಿಗೆ ಹೊರಟಿದ್ದೆ, ಅಕ್ಕನ ಫೋನು.

“ತಂಗೀ, ನಿನ್ನ ನಾಯಿ ಎಣ್ಣಿ ನೆಕ್ಕೈತಲೇ. ಏನು ಮಾಡೂಣು?”

“ಎಷ್ಟು ನೆಕ್ತು?”

“ಭಾಳ ಇಲ್ಲ. ತಳದಾಗ ಉಳದಿತ್ತು, ಅದನ್ನ ನೆಕ್ಕೈತಿ.”

ನನ್ನ ಕಣ್ಣ ಮುಂದೆ ಬಂದದ್ದು ಬಾಣಲೆ. ಮಿರ್ಚಿ ಕರಿದ ಬಾಣಲೆ.

“ಏನೂ ಆಗಂಗಿಲ್ಲ ಬಿಡಕ್ಕ. ಎರಡು ಸಲ ಹೊಟ್ಟಿ ಕೆಟ್ಟೀತು. ಮಜ್ಜಿಗಿ ಹಾಕು, ನೀರು ಇಡು.”

“ಖರೇನಾ? ನಿಮ್ಮ ಭಾವ ಗಾಡಿ ಚಾಲೂ ಮಾಡ್ಯಾನ, ಸಿರುಗುಪ್ಪ ದವಾಖಾನಿಗೆ ಒಯ್ತೀನಿ ಅಂತಾನ.”

“ಬ್ಯಾಡ. ಸುಮ್ನ ಯಾಕ? ನನಗ ಕ್ಲಾಸೈತಿ, ಆಮ್ಯಾಲೆ ಮಾಡ್ತೀನಿ.”

ಫೋನು ಇಡುವ ಮುಂಚೆ ಅಕ್ಕ ಆ ಕಡೆ ತಿರುಗಿ ಕೂಗಿದ್ದು ನನಗೆ ಕೇಳಿಸಿತು. “ಬಂದ್ ಮಾಡ್ರೀ ಗಾಡಿ. ಏನೂ ಆಗಂಗಿಲ್ಲಂತ. ಓದಿದಾಕಿ ಹೇಳ್ಯಾಳ.” ಗಾಡಿಯ ಸದ್ದು ನಿಂತದ್ದೂ ಕೇಳಿಸಿತು.

ಎರಡು ಪಾಠ ಮಾಡಿದೆ. ಮೂರನೆಯದಕ್ಕೆ ಹೋಗುವಾಗ ಮತ್ತೆ ಫೋನು.

“ಜೊಲ್ಲು ಸುರಸಾಕ ಹತ್ತೈತಿ. ಕಾಲು ನಡಗಾಕ ಹತ್ಯಾವ, ನಿಲ್ಲಾಕ ಬರವಲ್ದು. ಹಿಂಗ ಆಕ್ಕೈತೇನಲೇ? ಅವ್ವ ಅಳಾಕ ಹತ್ಯಾಳ.”

ಆಗ ಕೇಳಿದೆ. ಬೆಳಿಗ್ಗೆ ಕೇಳಬೇಕಾದದ್ದನ್ನು ಆಗ ಕೇಳಿದೆ.

“ಯಾವ ಎಣ್ಣಿ ಅಕ್ಕ?”

“ಯಾವ ಎಣ್ಣಿ ಅಂದ್ರ? ಎಣ್ಣಿ! ಹೊಲಕ್ಕ ಹೊಡಿಯೋ ಎಣ್ಣಿ. ಕಲಸಿದ ಬಕೀಟು ಹಿತ್ತಲದಾಗ ಇಟ್ಟಿದ್ರು.”

ನಮ್ಮ ಕಡೆ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ನಮ್ಮೂರ ಮನೆಗಳಲ್ಲಿ ಅಡುಗೆಗೆ ಹಾಕುವುದು ಒಳ್ಳೆಣ್ಣಿ. ತಲೆಗೆ ಹಚ್ಚುವುದು ಕೊಬ್ರೆಣ್ಣಿ. ದೀಪದ್ದು ಚಿಮಣಿ ಎಣ್ಣಿ. ಬರೀ ಎಣ್ಣಿ ಅಂದರೆ ಬೆಳೆಗೆ ಹೊಡೆಯುವ ಔಷಧಿ. ಎಣ್ಣಿ ಹೊಡದ ಹೊಲಕ್ಕ ಹೋಗಬ್ಯಾಡ ಅಂತ ಬೈಸಿಕೊಂಡು ಬೆಳೆದವಳು ನಾನು. ಎಣ್ಣಿ ಕುಡದ್ಲಂತ ಅಂತ ಯಾರದೋ ಮನೆಯ ಸುದ್ದಿಯನ್ನು ಹೆಂಗಸರು ದನಿ ತಗ್ಗಿಸಿ ಹೇಳುವಾಗ, ಕುಡಿದದ್ದು ಶೇಂಗಾ ಎಣ್ಣೆಯಲ್ಲ ಅಂತ ಐದು ವರ್ಷದ ಹುಡುಗಿಗೇ ತಿಳಿದಿತ್ತು. ಬಿಎಸ್ಸಿ ಬಿಎಡ್ ಆದವಳಿಗೆ ತಿಳಿಯಲಿಲ್ಲ. ಹಾಸ್ಟೆಲು, ಊರು ಬಿಟ್ಟ ವರ್ಷಗಳು, ಸ್ಟಾಫ್‌ರೂಮಿನ ಮಾತು, ಇವುಗಳ ನಡುವೆ ಎಲ್ಲೋ ಆ ಮಾತು ನನ್ನ ಕಿವಿಯಿಂದ ಬಿದ್ದುಹೋಗಿದೆ, ಬಿದ್ದದ್ದೇ ನನಗೆ ಗೊತ್ತಾಗಿಲ್ಲ.

ಈಗಲೇ ಒಯ್ಯಿರಿ ಅಂತ ಚೀರಿದೆ. ಹೆಡ್‌ಮಾಸ್ಟರಿಗೆ ಏನು ಹೇಳಿದೆನೋ ನೆನಪಿಲ್ಲ. ಜೊತೆಯ ಟೀಚರೊಬ್ಬರು ಸ್ಕೂಟಿಯಲ್ಲಿ ಸಿರುಗುಪ್ಪದ ರಸ್ತೆಯವರೆಗೆ ಬಿಟ್ಟರು. ಬಸ್ಸು ಸಿಕ್ಕಿತು. ತೆಕ್ಕಲಕೋಟೆಯಲ್ಲಿ ಬಸ್ಸು ನಿಂತೇ ನಿಂತಿತು. ಕಂಡಕ್ಟರ್ ಇಳಿದು ಚಹಾ ಕುಡಿದ. ನಾನು ಕಿಟಕಿಯಿಂದ, “ಸ್ವಲ್ಪ ಲಗೂನ ಬಿಡ್ರಿ, ದವಾಖಾನ್ಯಾಗ ಅದಾರ” ಅಂದೆ. “ಯಾರ್ರಿ ಪೇಷಂಟು?” ಅಂತ ಕೇಳಿದ. ನಾಯಿ ಅನ್ನೋಕೆ ಬಾಯಿ ಬರಲಿಲ್ಲ. “ಮನಿಯವರು” ಅಂದೆ.

ಸಿರುಗುಪ್ಪದ ದನದ ದವಾಖಾನೆಯ ಪಡಸಾಲೆಯಲ್ಲಿ ಚೀಲದ ಮೇಲೆ ಮಲಗಿಸಿದ್ದರು. ಅವ್ವ ಪಕ್ಕದಲ್ಲಿ ಕೂತು ಸೆರಗಿನಿಂದ ಅದರ ಬಾಯಿ ಒರೆಸುತ್ತಲೇ ಇದ್ದಳು. ಡಾಕ್ಟರು ಇಂಜೆಕ್ಷನ್ ಕೊಟ್ಟಾಗಿತ್ತು, ಸಲೈನು ಏರಿಸಿದ್ದರು.

“ಯಾವ ಔಷಧಿ ಅಂತ ಬಾಟ್ಲಿ ತಂದೀರೇನು?” ಅಂತ ನನ್ನನ್ನೂ ಕೇಳಿದರು. ಯಾರೂ ತಂದಿರಲಿಲ್ಲ. ಭಾವ ಮತ್ತೆ ದೇಶನೂರಿಗೆ ಬಾಟ್ಲಿ ತರೋಕೆ ಹೋಗಿದ್ದ.

“ನೆಕ್ಕಿ ಎಷ್ಟೊತ್ತಾತು?”

ಅವ್ವ ಹೇಳಿದಳು, “ಮುಂಜಾನೆ ರೀ. ಆವಾಗ್ಲೇ ನನ್ನ ಮಗಳಿಗೆ ಫೋನ್ ಮಾಡಿದ್ವಿ, ಆಕಿ ಸಾಲಿ ಟೀಚರು.”

ಡಾಕ್ಟರು ನನ್ನ ಮುಖ ನೋಡಿದರು. “ಆವಾಗ್ಲೇ ತಂದಿದ್ರ…” ಅಂದವರು ಮುಂದಕ್ಕೆ ಹೋಗಲಿಲ್ಲ. ಒಳ್ಳೆಯ ಮನುಷ್ಯರು. ಆ ಮಾತು ಪೂರ್ತಿ ಮಾಡಿದ್ದರೇ ಚೆನ್ನಾಗಿತ್ತು ಅಂತ ನನಗೆ ಆಮೇಲೆ ಅನಿಸಿದೆ.

ಹೆಸರು ಹಿಡಿದು ಕರೆದೆ. ಕಿವಿ ಅಲುಗಲಿಲ್ಲ. ಅವ್ವ ‘ಏನ್ಲೇ’ ಅಂದಳು. ಬಾಲದ ತುದಿ ಒಂದು ಸಲ ಚೀಲಕ್ಕೆ ತಾಗಿತು. ಭಾವ ಬಾಟ್ಲಿ ಹಿಡಿದು ಬರುವಷ್ಟರಲ್ಲಿ ಮುಗಿದಿತ್ತು.

ದೇಶನೂರಿನ ಕಾಲುವೆ ದಂಡೆಯಲ್ಲಿ ಹೂತೆವು. ಮನೆಗೆ ಬಂದು ಕೈಕಾಲು ತೊಳೆದು ಒಳಗೆ ಹೋದರೆ ಎದುರಿಗೇ ನನ್ನ ಪಟ್ಟಿ. ನಾಲ್ಕನೇ ಸಾಲು: ‘ಕೀಟನಾಶಕ ಸೇವಿಸಿದಲ್ಲಿ ತಡಮಾಡದೆ ಪಶುವೈದ್ಯರಲ್ಲಿಗೆ ಕೊಂಡೊಯ್ಯತಕ್ಕದ್ದು. ಸೇವಿಸಿದ ಔಷಧಿಯ ಬಾಟಲಿಯನ್ನು ತಪ್ಪದೆ ಜೊತೆಗೆ ಒಯ್ಯತಕ್ಕದ್ದು.’ ಅಕ್ಕ ನನ್ನ ಹಿಂದೆ ಬಂದು ನಿಂತಳು.

“ಮುಂಜಾನೆ ಫೋನ್ ಮಾಡೋಕಿಂತ ಮೊದಲ ಇದನ್ನ ಓದಿದೆ ತಂಗಿ. ಎಣ್ಣಿದು ಎಲ್ಲೂ ಬರದಿರಲಿಲ್ಲ.”

“ಇದು ಅದೇ ಅಕ್ಕ. ಕೀಟನಾಶಕ ಅಂದ್ರ ಅದೇ.”

“ನಾ ಜಿರಳಿಗೆ ಗೀಚೋ ಚಾಕ್‌ಪೀಸು ಅನಕೊಂಡೆ.” ಹಿತ್ತಲ ಬಾಗಿಲ ಕಡೆ ನೋಡಿದಳು. “ನಂದೇ ತಪ್ಪು. ಬಕೀಟು ಬೋರಲು ಹಾಕಿ ಇಡಬೇಕಿತ್ತು.”

ಅವ್ವ ಮೂಲೆಯಿಂದ, “ತಪ್ಪು ಯಾರದೂ ಅಲ್ಲ. ಆಕಿ ತಿಳದಾಕಿ, ಹೇಳೋದು ಹೇಳಿದ್ಲು. ಅದರ ಆಯುಷ್ಯ ಅಷ್ಟೇ ಇತ್ತು” ಅಂದಳು.

ಅವರು ತಿಳಿದುಕೊಂಡಿದ್ದು ಹೀಗೆ: ನನಗೆ ಎಲ್ಲಾ ಗೊತ್ತಿತ್ತು, ಗೊತ್ತಿದ್ದೇ ಏನೂ ಆಗಂಗಿಲ್ಲ ಅಂದೆ, ಆದರೂ ಆಯಿತು. ಸುಮ್ಮನಿದ್ದರೆ ಹಾಗೇ ಉಳಿಯುತ್ತಿತ್ತು. ಉಳಿಸಿಕೊಳ್ಳೋಣ ಅಂತ ಮನಸ್ಸು ಹೇಳಿದ್ದು ಸುಳ್ಳಲ್ಲ. ನನ್ನ ಹತ್ತಿರ ಬೇರೆ ಆಸ್ತಿ ಏನಿತ್ತು? ‘ಓದಿದಾಕಿ’ ಅನ್ನೋ ಆ ಒಂದು ಮಾತೇ. ಆದರೆ ಅಕ್ಕ ಬಕೀಟು, ಬಕೀಟು ಅಂತ ತನ್ನನ್ನೇ ಬೈದುಕೊಳ್ಳುವುದನ್ನು ಕೇಳಲು ಆಗಲಿಲ್ಲ.

“ನಾನು ಒಳ್ಳೆಣ್ಣಿ ಅನಕೊಂಡೆ ಅಕ್ಕ. ಮಿರ್ಚಿ ಕರದಿದ್ದು.”

ಅಕ್ಕ ಬೈಯಲಿಲ್ಲ. ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಮನೆಗೆ ಬಂದ ಹೊಸಬರನ್ನು ನೋಡುವ ಹಾಗೆ. “ನೀನು?” ಅಂದಳು. “ಈ ಊರಾಗ ಹುಟ್ಟಿದಾಕಿ?” ಅಷ್ಟೇ. ಒಲೆಯ ಕಡೆ ಹೋದಳು.

ಬಳ್ಳಾರಿಯ ಡಬ್ಬಿ ಹಾಗೇ ಇದೆ. ಅದರಲ್ಲಿ ಏನೂ ಕಡಿಮೆ ಇಲ್ಲ, ಏನೂ ಖರ್ಚಾಗಿಲ್ಲ. ಪಟ್ಟಿಯ ನಾಲ್ಕನೇ ಸಾಲಿನ ಮೇಲೆ ಪೆನ್ನಿನಲ್ಲಿ ‘ಎಣ್ಣಿ’ ಅಂತ ಬರೆಯಲು ಹೋದೆ. ಪ್ಲಾಸ್ಟಿಕ್ಕಿನ ಮೇಲೆ ಶಾಯಿ ನಿಲ್ಲುವುದಿಲ್ಲ.

ಅಕ್ಕ ಈಗಲೂ ಫೋನು ಮಾಡುತ್ತಾಳೆ. ಪ್ರೀತಿ ಕಡಿಮೆ ಆಗಿಲ್ಲ. ಆದರೆ ಮೊದಲಿನ ಹಾಗೆ ಪಟಪಟ ಮಾತಾಡುವುದಿಲ್ಲ, ನಡುನಡುವೆ ನಿಲ್ಲಿಸಿ ನನಗೆ ಬಿಡಿಸಿ ಹೇಳುತ್ತಾಳೆ. ಮೊನ್ನೆ ಏನು ಮಾಡಾಕ ಹತ್ತಿಯಕ್ಕ ಅಂತ ಕೇಳಿದೆ. “ಒಳ್ಳೆಣ್ಣಿ ಡಬ್ಬಿ ತೊಳ್ಯಾಕ ಹತ್ತೀನಿ” ಅಂದಳು. ಒಂದು ಗಳಿಗೆ ಬಿಟ್ಟು, ನಿಧಾನವಾಗಿ, ಪರ ಊರಿನವರಿಗೆ ಹೇಳಿದ ಹಾಗೆ ಸೇರಿಸಿದಳು: “ಅಂದ್ರ, ಅಡಿಗಿ ಮಾಡೋದು.”