ಫ್ರೇಮಿಗೆ ಬಂದ ನಗು

ನನ್ನ ಹೊಲಿಗೆ ಅಂಗಡಿಗೂ ಮೊಳೆಯ ಫ್ರೇಮಿನ ಅಂಗಡಿಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ. ನನ್ನ ಮೆಷಿನ್ನಿನ ಸದ್ದು ಅವನಿಗೆ, ಅವನ ಸುತ್ತಿಗೆಯ ಸದ್ದು ನನಗೆ. ಮೊಳೆ ಅನ್ನುವುದು ಬೀದಿಯವರು ಇಟ್ಟ ಹೆಸರು. ಕೆಲಸಕ್ಕೆ ಕೂತರೆ ಸಣ್ಣ ಮೊಳೆಗಳನ್ನು ಸಾಲಾಗಿ ತುಟಿಯಲ್ಲಿ ಕಚ್ಚಿಕೊಂಡಿರುತ್ತಾನೆ. ಗಿರಾಕಿ ಏನಾದರೂ ಕೇಳಿದರೆ ಅವನ್ನು ತೆಗೆಯುವಷ್ಟು ಪುರುಸೊತ್ತಿಲ್ಲ. "ಮ್ಮ್... ನಾಳೆ ಮನ್ನಿ" ಅನ್ನುತ್ತಾನೆ. ಬಾಯಲ್ಲಿ ಮೊಳೆ ಇಲ್ಲದಿದ್ದಾಗಲೂ ಅವನ ಮಾತು ಹೆಚ್ಚುಕಮ್ಮಿ ಅಷ್ಟೇ.

ಅವನ ಹೆಂಡತಿಗೆ ದೊಡ್ಡಾಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಕೆಲಸ. ಮಂಚದ ಹಾಸುಗಳು, ದಿಂಬಿನ ಚೀಲಗಳು, ಡಾಕ್ಟರುಗಳ ಕೋಟುಗಳು ತಾರಸಿಯಲ್ಲಿ ಒಣಗಿ ಕೆಳಗೆ ಬರುತ್ತವೆ. ಅವನ್ನು ಮಡಿಸಿ, ವಾರ್ಡಿಗೊಂದು ಗಂಟು ಕಟ್ಟಿಡಬೇಕು. ಸಂಜೆ ಬರುವಾಗ ನಮ್ಮ ಅಂಗಡಿ ಮುಂದೆ ಒಂದು ಗಳಿಗೆ ನಿಂತು, "ಅಕ್ಕ, ಇವತ್ತು ಬೆನ್ನು ಮುರಿದೇ ಹೋಯ್ತು" ಅಂದು ಮನೆ ಕಡೆ ಹೋಗುತ್ತಾಳೆ. ಬಿಗಿದ ಮುಖ, ಬಿರುಸು ನಡಿಗೆ. ನಾನು ಅವಳನ್ನು ಕಂಡದ್ದೇ ಹಾಗೆ. ಕಟ್ಟಿಕೊಂಡ ಮೊಳೆಯೂ ಇಷ್ಟು ವರ್ಷ ಅವಳನ್ನು ಹಾಗೆಯೇ ಕಂಡಿದ್ದ. ಹೆಂಡತಿಯ ಮುಖ ಅಂದರೆ ಇದೇ ಅಂದುಕೊಂಡು ನೆಮ್ಮದಿಯಾಗಿದ್ದ.

ಒಂದು ಮಧ್ಯಾಹ್ನ ಕುತ್ತಿಗೆಗೆ ಕ್ಯಾಮೆರಾ ತೂಗುಹಾಕಿಕೊಂಡ ಒಬ್ಬ ತೆಳ್ಳನೆಯ ಮನುಷ್ಯ ಅವನ ಅಂಗಡಿಗೆ ಬಂದ. ಅದೇ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವನಂತೆ. ದನಿ ದೊಡ್ಡದು, ಅವನು ಹೇಳಿದ್ದೆಲ್ಲ ನನಗೂ ಕೇಳಿಸಿತು. ಆಸ್ಪತ್ರೆಯ ವಾರ್ಷಿಕೋತ್ಸವಕ್ಕೆ ಕೆಲಸಗಾರರ ಫೋಟೋಗಳನ್ನು ಮೊಗಸಾಲೆಯ ಗೋಡೆಗೆ ಹಾಕುತ್ತಾರೆ, ಎಲ್ಲ ಇವನೇ ತೆಗೆದದ್ದು.

"ನಾನೇನು ಫೋಟೋಗ್ರಾಫರ್ ಅಲ್ಲಪ್ಪ, ಸುಮ್ನೆ ಹುಚ್ಚು. ಊಟದ ಬಿಡುವಿನಲ್ಲಿ ಅಲ್ಲಿ ಇಲ್ಲಿ ಓಡಾಡ್ತಾ ತೆಗ್ದಿದ್ದು. ಫ್ರೇಮು ಮಾತ್ರ ನೀಟಾಗಿ ಬರ್ಬೇಕು."

"ಮ್ಮ್" ಅಂದ ಮೊಳೆ.

ಗಿರಾಕಿ ಹೋದ ಮೇಲೆ ಅವನು ಫೋಟೋಗಳನ್ನು ಮೇಜಿನ ಮೇಲೆ ಹರಡಿದ. ಸ್ಟೂಲಿನ ಮೇಲೆ ತೂಕಡಿಸುವ ಕಾವಲುಗಾರ. ಕುದಿಯುವ ಹಂಡೆಯ ಹಬೆಯಿಂದ ಮುಖ ತಿರುಗಿಸಿದ ಅಡುಗೆಯವನು. ಚಪ್ಪಲಿ ಬಿಟ್ಟು ಪಾದ ತಿಕ್ಕಿಕೊಳ್ಳುತ್ತಿರುವ ನರ್ಸು. ಅವುಗಳ ಕೆಳಗಿನಿಂದ ಅವನ ಹೆಂಡತಿ ಬಂದಳು.

ಅರ್ಧ ಮಡಿಸಿದ ಹಾಸು ಕೈಯಿಂದ ಜಾರುತ್ತಿದೆ. ತಲೆ ಹಿಂದಕ್ಕೆ ಹೋಗಿದೆ. ಕಣ್ಣು ಮುಚ್ಚಿ, ಬಾಯಿ ಅಷ್ಟಗಲ ತೆರೆದು ನಗುತ್ತಿದ್ದಾಳೆ. ಎಷ್ಟು ಅಗಲ ಅಂದರೆ, ಒಳಗಿನ ದವಡೆ ಹಲ್ಲು ಇದ್ದ ಜಾಗ ಖಾಲಿ ಇರುವುದು ಕಾಣುತ್ತದೆ. ಆ ಹಲ್ಲನ್ನು ಕೀಳಿಸಲು ಕರೆದುಕೊಂಡು ಹೋದವನು ಮೊಳೆಯೇ. ಡಾಕ್ಟರ ಬಾಗಿಲಾಚೆ ಬೆಂಚಿನ ಮೇಲೆ ಕೂತು ಕಾದಿದ್ದ. ಆದರೆ ಹಲ್ಲು ಹೋದ ಜಾಗ ಅವನು ನೋಡಿದ್ದು ಇದೇ ಮೊದಲು, ಅದೂ ಇನ್ನೊಬ್ಬ ಗಂಡಸು ತೆಗೆದ ಫೋಟೋದಲ್ಲಿ.

ಫೋಟೋ ಹಿಡಿದುಕೊಂಡು ನೇರ ನನ್ನ ಅಂಗಡಿಗೆ ಬಂದ. ನನಗಿಂತ ಚಿಕ್ಕವನು, ಅಕ್ಕ ಅನ್ನುತ್ತಾನೆ. ಹೊಟ್ಟೆಯಲ್ಲಿರುವುದನ್ನು ಹೇಳಿಕೊಳ್ಳಲು ಅವನಿಗೆ ನಾನೊಬ್ಬಳೇ.

"ಅಕ್ಕ, ಇದು ಯಾರು ನೋಡಿ."

ನಾನು ಕನ್ನಡಕ ಸರಿಮಾಡಿಕೊಂಡು ನೋಡಿದೆ. "ಅಯ್ಯೋ, ಇವಳು ಇಷ್ಟು ಚೆಂದ ಇದಾಳೇನೋ?"

ನಾನು ಹಾಗೆ ಅನ್ನಬಾರದಿತ್ತು. ಅವನ ಮುಖ ಸುಟ್ಟ ಬದನೆಕಾಯಿ ಥರ ಆಯಿತು. "ನನ್ನೆದುರಿಗೆ ಒಂದಿನ ಹೀಗೆ ನಕ್ಕಿಲ್ಲ" ಅಂದ. "ಅವನು ಏನು ಹೇಳಿದ ಅಂತ ಇವಳು ಹೀಗೆ ನಕ್ಕಳು?"

ಅವತ್ತಿನಿಂದ ಮೊಳೆಗೆ ಕೆಲಸದಲ್ಲಿ ಕೈ ಓಡಲಿಲ್ಲ. ಬೇರೆ ಫೋಟೋಗಳಿಗೆಲ್ಲ ಚೌಕಟ್ಟು ಕೂರಿಸಿದ, ಇದೊಂದನ್ನು ಬಿಟ್ಟು. ಇದಕ್ಕೆ ಕತ್ತರಿಸಿದ ಗಾಜು ಎರಡು ಸಲ ಒಡೆಯಿತು. ಮನೆಯಲ್ಲಿ ಹೆಂಡತಿಯನ್ನು ಓರೆಗಣ್ಣಿನಿಂದ ಗಮನಿಸತೊಡಗಿದ. ತಲೆ ಬಾಚಿಕೊಂಡರೆ ಯಾರಿಗಾಗಿ ಅನ್ನುವ ಅನುಮಾನ. ಹೊತ್ತಿಗೆ ಮುಂಚೆ ಹೊರಟರೆ ಯಾಕೆ ಅವಸರ ಅನ್ನುವ ಅನುಮಾನ. ಊಟಕ್ಕೆ ಕೂತಾಗ ಮೆಲ್ಲಗೆ ಮಾತು ತೆಗೆದ:

"ನಿಮ್ಮಲ್ಲಿ ರಕ್ತ ಪರೀಕ್ಷೆ ಮಾಡೋನು ಒಬ್ಬ ಇದಾನಲ್ಲ, ಹೇಗೆ ಅವನು?"

"ಯಾರು, ಕ್ಯಾಮೆರಾದವರಾ? ಪಾಪ, ಒಳ್ಳೆಯವರು."

ತಾನು 'ಅವನು' ಅಂದದ್ದಕ್ಕೆ ಅವಳು 'ಅವರು' ಅಂದಳು. ಮೇಲೆ 'ಪಾಪ' ಬೇರೆ. ಮೊಳೆ ಕಲಸಿದ ಅನ್ನವನ್ನೇ ಮತ್ತೆ ಕಲಸಿದ. ಫೋಟೋ ವಿಷಯ ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಅವಳು ಏನು ಹೇಳಿಬಿಡುತ್ತಾಳೋ ಅನ್ನುವ ಭಯ.

ಮುಂದಿನ ವಾರ ಅವನ ಕೈಯಲ್ಲೂ ಒಂದು ಕ್ಯಾಮೆರಾ ಬಂತು. ಯಾರೋ ಗಿರಾಕಿ ಮಾರಲು ಇಟ್ಟಿದ್ದ ಹಳೆಯದು, ಗುಂಡಿ ಸವೆದದ್ದು. ಅಲ್ಲಿಯವರೆಗೆ ಮೊಳೆ ಫೋನಿನಲ್ಲಿ ತೆಗೆದದ್ದೆಲ್ಲ ಚೌಕಟ್ಟಿನ ಮೂಲೆಗಳನ್ನು, ಗಿರಾಕಿಗಳಿಗೆ ಬಣ್ಣ ತೋರಿಸಲು. ಈಗ ಹೆಂಡತಿ ಒಲೆ ಮುಂದೆ ನಿಂತರೆ ಫೋಟೋ, ನೀರು ತುಂಬಿಸಿದರೆ ಫೋಟೋ, ಮಗಳ ತಲೆಯಲ್ಲಿ ಹೇನು ಹುಡುಕಿದರೂ ಫೋಟೋ.

"ಏನ್ರೀ ಇದು? ನನ್ನ ಪಾಸ್‌ಪೋರ್ಟ್ ಮಾಡಿಸ್ತಿದೀರಾ?"

"ಸ್ವಲ್ಪ ನಗು."

ಅವಳು ಹಲ್ಲಿನ ಡಾಕ್ಟರಿಗೆ ತೋರಿಸುವ ಹಾಗೆ ಹಲ್ಲು ತೋರಿಸುತ್ತಿದ್ದಳು. ಫೋಟೋ ಆಗುತ್ತಲೇ ಮುಖ ಮತ್ತೆ ಬೀಗ ಹಾಕಿಕೊಳ್ಳುತ್ತಿತ್ತು. ಅವನು ಎಲ್ಲೋ ಕೇಳಿದ ಜೋಕು ಹೇಳಿ ನೋಡಿದ. ಅರ್ಧಕ್ಕೆ ಮರೆತು, ಕೊನೆಯನ್ನು ಮೊದಲು ಹೇಳಿ, ನಡುವಿನದನ್ನು ಆಮೇಲೆ ಸೇರಿಸಿದ. ಕಾಲೇಜಿಗೆ ಹೋಗುವ ಮಗಳು, "ಅಪ್ಪ, ಅಮ್ಮನ್ನ ನಗಿಸೋಕೆ ಹೋಗಿ ಅಳಿಸಿಬಿಡ್ತೀಯ, ಬಿಡು" ಅಂದಳು.

ತೆಗೆದದ್ದನ್ನು ಪ್ರಿಂಟು ಹಾಕಿಸಿ ನನಗೆ ತಂದು ತೋರಿಸಿದ. ಒಂದರಲ್ಲಿ ತಲೆ ಇಲ್ಲ, ಒಂದರಲ್ಲಿ ಅರ್ಧ ಕಿವಿ. ಇದ್ದುದರಲ್ಲಿ ಸರಿಯಾಗಿ ಬಂದದ್ದು ಅವಳ ಪಕ್ಕದ ಬಕೆಟ್ಟು.

"ಬಕೆಟ್ಟು ಒಳ್ಳೇ ಕಳೆಯಾಗಿದೆ ಕಣೋ" ಅಂದೆ. ಅವನು ನಗುವ ಸ್ಥಿತಿಯಲ್ಲಿರಲಿಲ್ಲ.

"ನೋಡಿ ಅಕ್ಕ, ನನಗೂ ಅವನಿಗೂ ಒಬ್ಬಳೇ ಹೆಂಗಸು. ಅವನ ಕ್ಯಾಮೆರಾಕ್ಕೆ ಹಾಗೆ, ನನ್ನ ಕ್ಯಾಮೆರಾಕ್ಕೆ ಹೀಗೆ." ಆ ಮಾತು ಎಷ್ಟು ಎಡವಟ್ಟಾಗಿ ಬಂತು ಅನ್ನುವುದೂ ಅವನಿಗೆ ತಿಳಿಯಲಿಲ್ಲ.

ನಿಜ ಹೇಳಬೇಕೆಂದರೆ, ಆ ಹೊತ್ತಿನಲ್ಲಿ ನನಗೇ ಅವಳ ಮೇಲೆ ಒಂದಿಷ್ಟು ಅಸೂಯೆ ಹುಟ್ಟಿತು. ನನ್ನವರು ಬದುಕಿದ್ದಷ್ಟು ಕಾಲ ನಾನು ಯಾರೊಂದಿಗೆ ನಕ್ಕೆ ಅಂತ ಒಂದು ದಿನವೂ ಕೇಳಿದವರಲ್ಲ.

ಫೋಟೋಗಳನ್ನು ತೆಗೆದುಕೊಂಡು ಹೋಗಲು ಕ್ಯಾಮೆರಾದವನು ಬಂದ ದಿನ ನಾನು ಕತ್ತರಿ ಕೆಳಗಿಟ್ಟು ಗೋಡೆಗೆ ಕಿವಿ ಕೊಟ್ಟೆ. ಚೌಕಟ್ಟುಗಳನ್ನು ಒಂದೊಂದೇ ನೋಡಿ ಅವನು ಭೇಷ್ ಭೇಷ್ ಅನ್ನುತ್ತಿದ್ದ.

"ಒಂದು ಕಮ್ಮಿ ಇದೆಯಲ್ಲ? ನಗ್ತಿರೋ ಹೆಂಗಸಿಂದು?"

"ಅದು ಕೊಡಲ್ಲ." ಮೊಳೆಗಳನ್ನು ಕಚ್ಚಿಕೊಂಡೇ ಹೇಳಿದ, ಅದು "ಕೊಮಲ್ಲ" ಅಂತ ಕೇಳಿಸಿತು.

"ಏನಂದ್ರಿ?"

"ಅದು ನನ್ನ ಹೆಂಡತಿ."

ಹೊಡೆದಾಟ ಆಗುತ್ತದೆಂದು ನಾನು ಎದ್ದು ಅವನ ಅಂಗಡಿ ಬಾಗಿಲಿಗೆ ಹೋದೆ. ಕ್ಯಾಮೆರಾದವನು ಮೊಳೆಯ ಬಾಯನ್ನೇ ನೋಡುತ್ತಿದ್ದ. ನೋಡುತ್ತಾ ನೋಡುತ್ತಾ ಅವನ ಭುಜ ಅಲುಗತೊಡಗಿತು. ಆಮೇಲೆ ತಡೆಯಲಾಗದೆ ಗೊಳ್ಳೆಂದು ನಕ್ಕುಬಿಟ್ಟ.

"ಓ, ನೀವಾ! ನೀವೇನಾ ಅವರು! ತಪ್ಪು ತಿಳ್ಕೋಬೇಡಿ. ನಿಮ್ಮನ್ನು ನಾನು ಎಷ್ಟೋ ಸಲ ನೋಡಿದೀನಿ."

"ಎಲ್ಲಿ?"

"ಬಟ್ಟೆ ರೂಮಿನಲ್ಲಿ. ನಿಮ್ಮ ಮನೆಯವರು ಬಟ್ಟೆ ಕ್ಲಿಪ್ಪುಗಳನ್ನ ಹೀಗೆ ಸಾಲಾಗಿ ತುಟಿಗೆ ಹಾಕ್ಕೊಂಡು ನಿಮ್ಮ ಥರಾನೇ ಮಾತಾಡ್ತಾರೆ. 'ಮ್ಮ್, ಸಾರು ಮಿಸಿ ಇಲ್ಲ.' ನಾವೆಲ್ಲ ಬಿದ್ದು ಬಿದ್ದು ನಗ್ತೀವಿ. ಅವತ್ತು ಮಾಡ್ತಾ ಮಾಡ್ತಾ ಅವರಿಗೇ ನಗು ತಡೆಯೋಕಾಗ್ಲಿಲ್ಲ. ಕ್ಲಿಪ್ಪು ಉದುರಿದ ಮೇಲೆ ತೆಗೆದ ಫೋಟೋ ಅದು."

ಮೊಳೆ ತುಟಿಯಿಂದ ಮೊಳೆಗಳನ್ನು ತೆಗೆದು ಡಬ್ಬಿಗೆ ಹಾಕಿದ. ಆ ಫೋಟೋಕ್ಕೂ ಚೌಕಟ್ಟು ಹಾಕಿ, ಎಲ್ಲವನ್ನೂ ತಾನೇ ಆಸ್ಪತ್ರೆಗೆ ತಂದು ತೂಗುಹಾಕುವುದಾಗಿ ಹೇಳಿ ಅವನನ್ನು ಕಳಿಸಿದ.

ಇಷ್ಟಾದ ಮೇಲೆ ಅವನಿಗೆ ಹಗುರಾಗಬೇಕಿತ್ತು. ಆಗಲಿಲ್ಲ. ಇಷ್ಟು ದಿನ ಒಬ್ಬನ ಮೇಲಿದ್ದ ಹೊಟ್ಟೆಕಿಚ್ಚು ಈಗ ಇಡೀ ಆಸ್ಪತ್ರೆಯ ಮೇಲೆ ಹರಡಿತು. "ಅಡುಗೆಯವನು ನೋಡಿದಾನೆ, ಕಾವಲಿನವನು ನೋಡಿದಾನೆ" ಅಂದ. "ನನ್ನನ್ನೇ ಮಾಡಿ ತೋರಿಸ್ತಾಳೆ ಅಕ್ಕ, ನನಗೊಬ್ಬನಿಗೆ ಬಿಟ್ಟು."

ಚೌಕಟ್ಟುಗಳನ್ನು ಹಾಕಲು ಹೋದ ದಿನ ತನ್ನ ಕ್ಯಾಮೆರಾವನ್ನೂ ಹೆಗಲಿಗೆ ಹಾಕಿಕೊಂಡಿದ್ದ. ಹೆಂಡತಿಗೆ ತಾನು ಬರುವುದನ್ನು ಹೇಳಿರಲಿಲ್ಲ. ಮೊಗಸಾಲೆಯ ಕೆಲಸ ಮುಗಿಸಿ, ದಾರಿ ಕೇಳಿಕೊಂಡು ಬಟ್ಟೆ ರೂಮಿನ ಬಾಗಿಲವರೆಗೆ ಹೋದ. ಒಳಗಿನಿಂದ ಅವನದೇ ದನಿ ಬರುತ್ತಿತ್ತು. "ಮ್ಮ್, ಆ ಮಾಗಿಲು ಹಾಕೇ." ಹಾಸುಗಳ ರಾಶಿಯ ನಡುವೆ ಅವಳು ಅವನ ಹಾಗೆ ಕತ್ತು ಓರೆ ಮಾಡಿ, ಒಂದು ಕಣ್ಣು ಕಿರಿದು ಮಾಡಿ, ಇಲ್ಲದ ಸುತ್ತಿಗೆ ಹಿಡಿದು ನಿಂತಿದ್ದಳು. ಸುತ್ತ ಇದ್ದ ಹೆಂಗಸರು ಹೊಟ್ಟೆ ಹಿಡಿದುಕೊಂಡಿದ್ದರು. ಅಷ್ಟು ಕರಾರುವಾಕ್ಕಾಗಿ ತನ್ನನ್ನು ಯಾರೂ ನೋಡಿರಲಿಲ್ಲ ಅಂತ ಮೊಳೆ ಆಮೇಲೆ ನನಗೆ ಹೇಳಿದ. ಕನ್ನಡಿಯೂ ಕೂಡ.

ಅವನು ಕ್ಯಾಮೆರಾ ಎತ್ತಿದ. ಒಬ್ಬಳು ಅವನನ್ನು ಕಂಡು ತಟ್ಟನೆ ಸುಮ್ಮನಾದಳು, ಎಲ್ಲರೂ ಸುಮ್ಮನಾದರು. ಹೆಂಡತಿ ತಿರುಗಿದಳು, ತುಟಿ ತುಂಬ ಕ್ಲಿಪ್ಪು, ಕಣ್ಣು ಇಷ್ಟಗಲ. ಬೆರಳು ತಾನಾಗಿ ಒತ್ತಿಕೊಂಡಿತು. ಆ ಫೋಟೋದಲ್ಲಿ ನಗು ಇಲ್ಲ. ಬೆಕ್ಕು ಹಾಲಿನ ಪಾತ್ರೆಯ ಪಕ್ಕ ಸಿಕ್ಕಿಬಿದ್ದ ಹಾಗಿದೆ.

ಮನೆಗೆ ಬಂದ ಮೇಲೆ ಅವನು ಕೇಳಿದ, "ಅದನ್ನ ಮನೆಯಲ್ಲಿ ಯಾಕೆ ಮಾಡಲ್ಲ?"

"ಮನೆಯಲ್ಲಿ ನೀವೇ ಇರ್ತೀರಲ್ಲ, ನಾನ್ಯಾಕೆ ಮಾಡ್ಲಿ?" ಅಂದಳು. ಅವನು ಬಿಡಲಿಲ್ಲ. ಆಗ ಅವಳೂ ಬಾಯಿ ಬಿಟ್ಟಳು. "ಮನೆಯಲ್ಲಿ ಯಾವತ್ತು ನನ್ನ ಮುಖ ನೋಡಿ ಮಾತಾಡಿದೀರಿ? ಅಂಗಡಿ ಮುಂದೆ ನಾನು ಬಂದಾಗ ಮೊಳೆ, ಹೋದಾಗ ಮೊಳೆ. ಅಲ್ಲಿ ಒಬ್ಬೊಬ್ಬರು ಗಂಡ ಹಾಗಂದ ಹೀಗಂದ ಅಂತ ಕಥೆ ಹೇಳ್ತಾರೆ. ನನ್ನ ಗಂಡ ಏನೂ ಅನ್ನಲ್ಲ. ನನ್ನ ಹತ್ರ ಹೇಳೋಕೆ ಇರೋದು ಆ ಮ್ಮ್ ಒಂದೇ. ಅದನ್ನೇ ಹೇಳ್ದೆ."

ಮೊಳೆ ನನಗೆ ಇದನ್ನು ಹೇಳುವಾಗ ಫ್ರೇಮಿನ ಪಟ್ಟಿಯೊಂದನ್ನು ಸುಮ್ಮನೆ ಉಜ್ಜುತ್ತಿದ್ದ. "ಸರಿಯಾಗೇ ಹೇಳಿದಾಳೆ" ಅಂದೆ. "ಹೇಳಿದಾಳೆ" ಅಂದ. "ಆದ್ರೂ ಉರಿಯುತ್ತೆ."

ಅವನು ಒಮ್ಮೆಗೇ ಮಾತುಗಾರ ಆಗಲಿಲ್ಲ. ಸಂಜೆ ಅವಳು ಬರುವ ಹೊತ್ತಿಗೆ ಬಾಯಲ್ಲಿ ಮೊಳೆ ಇಟ್ಟುಕೊಳ್ಳುವುದನ್ನು ಬಿಟ್ಟ, ಅಷ್ಟೇ. ಆ ಹೊತ್ತಿನಲ್ಲಿ ಸುತ್ತಿಗೆಯ ಸದ್ದು ನಿಂತುಹೋಗುವುದು ನನಗೆ ಗೊತ್ತಾಗುತ್ತಿತ್ತು. ಫೋಟೋ ತೆಗೆಯುವುದನ್ನು ಮಾತ್ರ ಬಿಡಲಿಲ್ಲ. 'ನಗು' ಅಂತ ಹೇಳುವುದನ್ನು ಬಿಟ್ಟ. ಹೇಳದಿದ್ದರಿಂದ ಅವಳೂ ಕ್ಯಾಮೆರಾವನ್ನು ಮರೆತಳು. ಬಾಗಿಲ ಬಳಿ ಬಿದ್ದ ಮಗಳ ಚಪ್ಪಲಿ, ಕಿಟಕಿಯ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸುವ ಹೆಂಡತಿ, ಅರ್ಧ ಕುಡಿದಿಟ್ಟ ಚಹಾ ಲೋಟ. ಹೀಗೆ ಕೈಗೆ ಸಿಕ್ಕಿದ್ದೆಲ್ಲ ಕ್ಯಾಮೆರಾದೊಳಗೆ ಹೋಯಿತು. ಮೊದಲಿಗಿಂತ ಕೈ ಪಳಗಿತ್ತು.

ಕೆಲವು ತಿಂಗಳ ಮೇಲೆ ಕ್ಯಾಮೆರಾದವನು ಇನ್ನೊಂದು ಕಂತೆ ಹಿಡಿದು ಬಂದ. ಈ ಸಲ ಆಸ್ಪತ್ರೆಯ ತೋಟದ ಫೋಟೋಗಳು. ಅಳತೆ ಕೊಡುತ್ತಾ ಮೇಜಿನ ಮೂಲೆಯಲ್ಲಿದ್ದ ಮೊಳೆಯ ಪ್ರಿಂಟುಗಳನ್ನು ಮಗುಚಿ ನೋಡಿದ. ನಾನು ಗುಂಡಿ ತರಲೆಂದು ಹೊರಟವಳು ಬಾಗಿಲಲ್ಲೇ ನಿಂತೆ. ಒಂದು ಫೋಟೋ ಹತ್ತಿರ ಅವನ ಕೈ ನಿಂತಿತು.

ಅದರಲ್ಲಿ ಅವಳು ಸ್ಟೂಲಿನ ಮೇಲೆ ಒಂದು ಕಾಲಿಟ್ಟು ಉಗುರು ಕತ್ತರಿಸುತ್ತಾ, ತಲೆ ಎತ್ತಿ ನೇರ ಕ್ಯಾಮೆರಾದ ಕಡೆ ಬೈಯುತ್ತಿದ್ದಾಳೆ. ಹುಬ್ಬು ಗಂಟು, ಕೈಯಲ್ಲಿ ಉಗುರು ಕತ್ತರಿ ಕತ್ತಿಯ ಹಾಗೆ. ಬೈಗುಳ ಕಿವಿಗೆ ಬೀಳುವಷ್ಟು ಜೀವಂತ.

"ಇವರು ಬೈತಾರಾ?" ಕ್ಯಾಮೆರಾದವನು ನಂಬದೆ ಕೇಳಿದ.

"ದಿನಾ."

"ಇಷ್ಟು ವರ್ಷದಲ್ಲಿ ನಮ್ಮನ್ನ ಒಬ್ಬರನ್ನೂ ಒಂದು ಮಾತು ಅಂದಿಲ್ಲ." ಅವನು ಫೋಟೋವನ್ನು ಬೆಳಕಿಗೆ ಹಿಡಿದ, ಕೆಳಗಿಟ್ಟ, ಮತ್ತೆ ಎತ್ತಿಕೊಂಡ. "ಇಂಥದ್ದು ನನಗೆ ಒಂದೂ ಸಿಕ್ಕಿಲ್ಲ. ನಾನು ಹೋದ ಕೂಡ್ಲೇ ಎಲ್ಲರೂ ಚೆನ್ನಾಗಿರೋಕೆ ಶುರು ಮಾಡ್ತಾರೆ. ನಮ್ಮ ಮನೆಯವಳಂತೂ ಕ್ಯಾಮೆರಾ ಕಂಡ್ರೆ ಒಳಗೆ ಹೋಗಿಬಿಡ್ತಾಳೆ." ಫೋಟೋ ಕೈಯಲ್ಲಿ ಹಿಡಿದೇ ಕೇಳಿದ, "ಇದರದ್ದೊಂದು ಪ್ರಿಂಟ್ ನನಗೆ ಕೊಡ್ತೀರಾ?"

"ಇಲ್ಲ" ಅಂದ ಮೊಳೆ. ಬಾಯಲ್ಲಿ ಏನೂ ಇರಲಿಲ್ಲ, ಮಾತು ಸ್ಪಷ್ಟವಾಗಿತ್ತು.

ಕ್ಯಾಮೆರಾದವನು ಹೋದ ಮೇಲೆ ಮೊಳೆ ನನ್ನ ಕಡೆ ತಿರುಗಿದ. ಹುಡುಗರು ಪರೀಕ್ಷೆ ಪಾಸಾದಾಗ ಬರುವ ಕಳೆ ಮುಖದಲ್ಲಿ.

"ನೋಡಿದ್ರಾ ಅಕ್ಕ? ಅವನಿಗೂ ಉರೀತು."

"ಉರೀತು ಬಿಡು" ಅಂದು ನಾನು ಗುಂಡಿ ತರಲು ಹೋದೆ.